ಒಡೆಯದ ಉಳ್ಳಾಗಡ್ಡಿ

ಎರಡು ಸಾವಿರದ ಹದಿನಾರನೆಯ ಇಸವಿ, ಅಕ್ಟೋಬರ್ ಎರಡು, ಭಾನುವಾರ. ಮೆಲ್ಬರ್ನ್‌ನಲ್ಲಿ ಆಗ ವಸಂತ. ಆದರೂ ಬೆಳಗಿನ ಚಳಿಗೆ ಕೈ ಸೆಟೆದುಕೊಳ್ಳುತ್ತಿತ್ತು. ಅಂದೇ ಇಲ್ಲಿನ ಸರ್ಕಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಳ್ಳಿದ್ದರಿಂದ ಗೋಡೆಯ ಮೇಲೆ ಆರಾಗಿದ್ದರೂ ಹಕ್ಕಿಗಳಿಗೆ ಇನ್ನೂ ಐದೇ. ವಿಂಡಮ್ ವೇಲ್‌ನ ಹೊಸ ಮನೆಗಳ ಸಾಲು ಮುಗಿದು ಬಯಲು ಶುರುವಾಗುವಲ್ಲಿ ಒಂದು ತಗಡಿನ ಷೆಡ್ಡಿನ ಗುರುದ್ವಾರವಿದೆ. ಅದರ ಅಡಿಗೆಮನೆಯಲ್ಲಿ ನಾನೂ ನಿಹಾಲ್ ಕೌರರೂ ಕಡಲೆ ಹಿಟ್ಟು ಕಲಸುತ್ತಿದ್ದೆವು. ಅವರು ಯಾರದೋ ಹೊಟ್ಟೆಗೆ ಶಾಪ ಹಾಕಿದರು ಎಂಬ ಸುಳ್ಳು ಹುಟ್ಟಿದ್ದು ಆ ದಿನ.

ನಾನು ಭಾಗೀರಥಿ, ಬೀದರಿನವಳು. ಮಗಳು ಮಹಾನಂದಾ ಇಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಬಂದ ವರ್ಷ ಹಗಲೆಲ್ಲ ಒಬ್ಬಳೇ ಇರಲಾರದೆ ಬೀದಿ ಸುತ್ತುತ್ತಿದ್ದಾಗ ಕೇಸರಿ ಬಾವುಟ ಕಂಡಿತು. ನಮ್ಮೂರ ನಾನಕ್ ಝೀರಾ ಗುರುದ್ವಾರದಲ್ಲಿ ಹಾರುತ್ತದಲ್ಲ, ಅಂಥದೇ. ಕಾಲು ತಾನಾಗಿ ಒಳಗೆ ಹೋಯಿತು. ರೊಟ್ಟಿ ಲಟ್ಟಿಸುತ್ತಿದ್ದ ಹೆಂಗಸರ ನಡುವೆ ಕೂತೆ. ಎಪ್ಪತ್ತು ದಾಟಿದ ಎತ್ತರದ ಹೆಂಗಸೊಬ್ಬರು ಯಾವ ಊರೆಂದು ಕೇಳಿದರು. ಬೀದರ್ ಎಂದೆ. ಅವರು ಹಿಟ್ಟಿನ ಕೈಯಲ್ಲೇ ನನ್ನ ಕಾಲು ಮುಟ್ಟಿಬಿಟ್ಟರು.

"ಅಯ್ಯೋ, ಇದೇನ್ರೀ! ನಾವು ಹಡಪದರು. ಕ್ಷೌರ ಮಾಡೋ ಮಂದಿ" ಎಂದೆ.

"ಅದಕ್ಕೇ ಮುಟ್ಟಿದೆ. ನಮ್ಮ ಹತ್ತನೇ ಗುರುವಿಗೆ ತಲಿ ಕೊಡ್ತೀನಂತ ಎದ್ದು ನಿಂತ ಐದು ಮಂದಿಯೊಳಗ ಒಬ್ಬಾತ ನಿಮ್ಮ ಬೀದರಿನ ಕ್ಷೌರಿಕ. ಗೊತ್ತಿಲ್ಲೇನು?"

ಅವರೇ ನಿಹಾಲ್ ಕೌರ್. ಎಲ್ಲರೂ ಬೀಬೀಜಿ ಎನ್ನುತ್ತಿದ್ದರು. ನಮ್ಮ ಮಾತು ಹಿಂದಿಯಲ್ಲಿ. ಅವರದಕ್ಕೆ ಪಂಜಾಬಿ ಬೆರೆತಿತ್ತು, ನನ್ನದಕ್ಕೆ ಬೀದರಿನ ದಖನಿ. ಇಲ್ಲಿ ನನ್ನ ಮಾತಿನಲ್ಲೇ ಬರೆದಿದ್ದೇನೆ. ನಮ್ಮೂರ ಹೋಟೆಲಿನಲ್ಲಿ ನನ್ನ ಮಾವನಿಗೆ ಚಹಾದ ಬಟ್ಟಲನ್ನು ಬೇರೆ ಇಡುತ್ತಿದ್ದರು. ಹಾಗೆ ಬದುಕಿದ ಮನೆಯವಳ ಕಾಲನ್ನು ಒಬ್ಬ ಹಿರಿಯಳು ಮುಟ್ಟಿದ್ದು ಅದೇ ಮೊದಲು.

ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಬಾಬಾ ಬುಡ್ಢಾ ಅವರ ನೆನಪಿನ ದಿನ ಮಾಡುತ್ತಾರೆ. ಅಂದು ಮಿಸ್ಸಿ ರೊಟ್ಟಿ, ಮಜ್ಜಿಗೆ, ಉಳ್ಳಾಗಡ್ಡಿಯೇ ಪ್ರಸಾದ. ಮಿಸ್ಸಿ ರೊಟ್ಟಿಯೆಂದರೆ ಗೋಧಿ ಹಿಟ್ಟಿಗೆ ಕಡಲೆ ಹಿಟ್ಟು, ಓಮ ಸೇರಿಸಿ ಬೇಯಿಸಿದ್ದು. ನಾನು ಹೋಗತೊಡಗಿದ ನಾಲ್ಕು ವರ್ಷವೂ ಬೀಬೀಜಿ ಹಿಟ್ಟು ನಾದುತ್ತಾ ಬಾಬಾನ ಕಥೆ ಹೇಳುತ್ತಿದ್ದರು, ಹೊಲದ ಕಡೆಯ ಮಾತು ಹೇಳಿದ ಹಾಗೆ.

ಬಾಬಾ ಮೊದಲು ದನ ಕಾಯುವ ಹುಡುಗನಾಗಿದ್ದನಂತೆ. ದಂಡಿನವರು ಬಂದು ಹಣ್ಣಾದ ಪೈರನ್ನೂ ಹಸಿಯದನ್ನೂ ಒಟ್ಟಿಗೆ ಕೊಯ್ದುಕೊಂಡು ಹೋದದ್ದನ್ನು ಕಂಡು, ಸಾವೂ ಹೀಗೇ ಅಲ್ಲವೇ, ವಯಸ್ಸು ನೋಡಿ ಬರುತ್ತದೆಯೇ ಎಂದು ಗುರು ನಾನಕರನ್ನು ಕೇಳಿದನಂತೆ. ಗುರು ನಕ್ಕು, ನೀನು ಹುಡುಗನಲ್ಲಪ್ಪ, ಬುಡ್ಢಾ, ಮುದುಕ ಎಂದರಂತೆ. ಆ ಹೆಸರೇ ಉಳಿಯಿತು. ಮುಂದೆ ಐವರು ಗುರುಗಳು ಪೀಠವೇರಿದಾಗ ಅವರ ಹಣೆಗೆ ತಿಲಕವಿಟ್ಟದ್ದು ಆತನ ಕೈ. ಅಮೃತಸರದಲ್ಲಿ ಗ್ರಂಥವನ್ನು ಮೊದಲು ಓದಲು ಕೂತದ್ದೂ ಆತನೇ. ಇಷ್ಟಾದರೂ ಗುರುವಿನ ದನಗಳಿಗೆ ಹುಲ್ಲು ಕೊಯ್ಯುವುದನ್ನು ನೂರರ ಹತ್ತಿರವಾದರೂ ಬಿಡಲಿಲ್ಲ.

ಐದನೆಯ ಗುರುವಿನ ಹೆಂಡತಿ ಗಂಗಾ ಮಾತೆಗೆ ಮಕ್ಕಳಿರಲಿಲ್ಲ. ಹೋಗಿ ಬಾಬಾನ ಆಶೀರ್ವಾದ ಕೇಳು ಎಂದರು ಗುರು. ಆಕೆ ಬಂಡಿ ಕಟ್ಟಿಸಿ, ದಾಸಿಯರ ತಲೆಯ ಮೇಲೆ ಭಕ್ಷ್ಯ ಹೊರಿಸಿಕೊಂಡು ಧೂಳೆಬ್ಬಿಸುತ್ತಾ ಹೋದಳು. ನಾನು ಹುಲ್ಲು ಕೊಯ್ಯುವವ, ಇದು ನನಗಲ್ಲ ಎಂದು ಬಾಬಾ ವಾಪಸು ಕಳಿಸಿದ. ಆಮೇಲೆ ಆಕೆ ತಾನೇ ಬೀಸಿ, ತಾನೇ ಬೇಯಿಸಿ, ಮಜ್ಜಿಗೆ ಕಡೆದು, ಬರಿಗಾಲಲ್ಲಿ ನಡೆದು ಹೋದಳು. ಬಾಬಾ ಹೊಟ್ಟೆ ತುಂಬ ಉಂಡು, ಉಳ್ಳಾಗಡ್ಡಿಯನ್ನು ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು, ನಿನ್ನ ಮಗ ದುಷ್ಟರ ತಲೆಯನ್ನು ಹೀಗೇ ಒಡೆಯುತ್ತಾನೆ ಎಂದ.

ಇದನ್ನು ಮೊದಲ ಸಲ ಕೇಳಿದಾಗ ನಾನು ಎದ್ದು ಒಂದು ಉಳ್ಳಾಗಡ್ಡಿ ತಂದು ಒಂದೇ ಗುದ್ದಿಗೆ ಒಡೆದು ತೋರಿಸಿದ್ದೆ. ನಮ್ಮ ಕಡೆ ಹೊಲದಲ್ಲಿ ಜೋಳದ ರೊಟ್ಟಿಯ ಜೊತೆ ಯಾರು ಈಳಿಗೆ ಹುಡುಕುತ್ತಾರೆ? ಬೀಬೀಜಿ ಬಿದ್ದು ಬಿದ್ದು ನಕ್ಕಿದ್ದರು. "ಬಾಬಾ ನಿಮ್ಮ ಬೀದರಿಗೂ ಬಂದಿದ್ದನೇನ, ಭೈಣ್?"

ಆ ಭಾನುವಾರ ಎಪ್ಪತ್ತೆರಡು ರೊಟ್ಟಿ ಬೇಯಿಸಿದ್ದೆವು. ಎಂಟು ಗಂಟೆಗೆ ಇಕ್ಬಾಲ್ ಸಿಂಗ್ ಬಂದರು. ಆ ವರ್ಷ ಕಮಿಟಿಯ ಸೆಕ್ರೆಟರಿ ಆದವರು. ಇಪ್ಪತ್ತು ಲಾರಿಗಳ ಧಣಿ. ಅವರ ವ್ಯಾನಿನಿಂದ ಹುಡುಗರು ಹೋಟೆಲಿನ ಅಗಲ ಅಗಲ ಡಬ್ಬಿಗಳನ್ನು ಇಳಿಸಿದರು. ನಾಲ್ಕು ನೂರು ರೊಟ್ಟಿ. ಉಳ್ಳಾಗಡ್ಡಿ ಬಳೆಯ ಹಾಗೆ ದುಂಡಗೆ ಹೆಚ್ಚಿ, ನಿಂಬೆ ಇಟ್ಟು, ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು.

"ಬೀಬೀಜಿ, ಈ ಸಲ ನಿಮಗೆ ರೆಸ್ಟ್. ಕೌನ್ಸಿಲ್‌ನಿಂದ ಗೆಸ್ಟ್ ಬರ್ತಿದ್ದಾರೆ. ಫುಡ್ ಸರ್ಟಿಫಿಕೇಟ್ ಇಲ್ಲದವರು ಕಿಚನ್‌ನಲ್ಲಿ ಇರೋ ಹಾಗಿಲ್ಲ."

"ಹೋದ ವರ್ಷ ಇತ್ತೇನ್ ಮಗಾ ಇದು?"

"ರೂಲ್ಸ್, ಬೀಬೀಜಿ. ನೀವು ಮುಂದಿನ ಸಾಲಲ್ಲಿ ಕುರ್ಚಿ ಮೇಲೆ ಕೂತ್ಕೊಳ್ಳಿ. ಸನ್ಮಾನ ಇಟ್ಟಿದ್ದೀವಿ. ಶಾಲು ಹೊದಿಸ್ತೀವಿ."

ಡಬ್ಬಿ ಇಳಿಸಿದ ಹುಡುಗರಲ್ಲಿ ಯಾರ ಹತ್ತಿರ ಸರ್ಟಿಫಿಕೇಟ್ ಇತ್ತು? ಆಗ ನಾನು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಕೈಯಿಂದ ಕೆಲಸ ಕಿತ್ತುಕೊಂಡು ಹೆಗಲಿಗೆ ಶಾಲು ಹಾಕುವುದು ಸನ್ಮಾನವಲ್ಲ, ಬಾಯಿ ಕಟ್ಟುವ ಬಟ್ಟೆ. ಬೀಬೀಜಿ ಕೈ ತೊಳೆದುಕೊಂಡು ಹೋಗಿ ಕೂತರು, ಕುರ್ಚಿಯಲ್ಲಲ್ಲ, ನೆಲದ ಮೇಲೆ.

ಕಥೆ ಹೇಳಲು ಸಿಡ್ನಿಯಿಂದ ಒಬ್ಬ ಪಂಡಿತರನ್ನು ವಿಮಾನದಲ್ಲಿ ಕರೆಸಿದ್ದರು. ಅವರು ಗೋಡೆಗೆ ಬೆಳಕು ಬಿಟ್ಟು ಚಿತ್ರ ತೋರಿಸಿ ಹೇಳಿದರು. ಚೆನ್ನಾಗಿಯೇ ಹೇಳಿದರು, ಸುಳ್ಳಾಡಬಾರದು. ಆಮೇಲೆ ಬೀಬೀಜಿಯನ್ನು ಮುಂದೆ ಕರೆದರು. ಇಕ್ಬಾಲ್ ಸಿಂಗರ ಹೆಂಡತಿ ರವ್‌ನೀತ್ ರೇಷ್ಮೆಯ ಉಡುಪಿನಲ್ಲಿ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ನಾಲ್ಕು ರೊಟ್ಟಿ, ಒಂದು ಇಡೀ ಉಳ್ಳಾಗಡ್ಡಿ. ಮದುವೆಯಾಗಿ ಒಂಬತ್ತು ವರ್ಷ. ಕ್ಲೇಟನ್‌ನ ಆಸ್ಪತ್ರೆಗೆ ಮಕ್ಕಳಿಗಾಗಿ ಓಡಾಡಿ ಸೋತವಳು. ಹಿರಿಯರು ಉಳ್ಳಾಗಡ್ಡಿ ಒಡೆದು ಹರಸಬೇಕು ಎಂದು ಇಕ್ಬಾಲ್ ಸಿಂಗ್ ಮೈಕಿನಲ್ಲಿ ಹೇಳಿದರು. ಸುತ್ತ ಫೋನುಗಳೆಲ್ಲ ಮೇಲೆದ್ದವು.

ಬೀಬೀಜಿ ರೊಟ್ಟಿಯ ಅಂಚು ಮುಟ್ಟಿ ನೋಡಿದರು. "ಮಗಳ, ಇವನ್ನ ಯಾರು ಮಾಡಿದ್ರು?"

ಅವಳು ಗಂಡನ ಮುಖ ನೋಡಿದಳು. "ಹೋಟೆಲಿಂದ ಬಂದದ್ದು, ಬೀಬೀಜಿ."

"ಹಂಗಾದ್ರ ಉಳ್ಳಾಗಡ್ಡೀನೂ ಹೋಟೆಲಿನವ್ರೇ ಒಡೀಲಿ. ನಾ ಒಡಿಯೂದಿಲ್ಲ."

ಹೆಂಗಸರ ಕಡೆ ಕಿಸಕ್ಕನೆ ನಗು ಎದ್ದಿತು. ಇಕ್ಬಾಲ್ ಸಿಂಗ್ ಬೀಬೀಜಿಯ ಮುಂದೆ ಹಿಡಿದಿದ್ದ ಮೈಕನ್ನು ಫಟ್ಟನೆ ಹಿಂದಕ್ಕೆಳೆದುಕೊಂಡರು. ಆಮೇಲೆ ಬೀಬೀಜಿ ಆಡಿದ ಮಾತು ಕೇಳಿಸಿದ್ದು ಎರಡು ಮಾರು ದೂರದಲ್ಲಿ ಕೂತಿದ್ದ ನನಗೆ, ಎದುರಿಗಿದ್ದ ರವ್‌ನೀತಳಿಗೆ, ಇಬ್ಬರಿಗೇ. ಅವಳ ಗಲ್ಲ ಹಿಡಿದು ಹೇಳಿದರು: "ನಾ ಬಾಬಾ ಅಲ್ಲ ಮಗಳ, ರೊಟ್ಟಿ ಮಾಡಾಕಿ. ಆದ್ರೂ ನಿನ್ನ ಕೈಲೆ ನಾಕು ರೊಟ್ಟಿ ಮಾಡ್ಕೊಂಡು ಬಾ. ಸೀದು ಹೋದ್ರೂ ಚಿಂತಿಲ್ಲ. ಆವಾಗ ಒಡೀತೀನಿ. ನಿನ್ನ ಮಡಿಲು ತುಂಬಲಿ." ರವ್‌ನೀತಳ ಕಣ್ಣು ತುಂಬಿ ಬಂತು. ತಲೆಯಾಡಿಸಿದಳು. ನಾನು ಕಂಡಿದ್ದೇನೆ.

ಮಧ್ಯಾಹ್ನ ಹಿಂದಿನ ಅಂಗಳಕ್ಕೆ ಹೋದೆ. ನಾವು ಬೇಯಿಸಿದ ಎಪ್ಪತ್ತೆರಡು ರೊಟ್ಟಿಗಳನ್ನು ಕರಿಯ ಚೀಲದಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿದ್ದರು. ಎತ್ತಿಕೊಂಡು ಮನೆಗೆ ತಂದೆ. ನಾಲ್ಕು ದಿನ ನಾವು ತಿಂದದ್ದು ಅದನ್ನೇ. ಬೀಬೀಜಿಗೆ ಇದನ್ನು ಹೇಳಿಲ್ಲ.

ಸಂಜೆಯೊಳಗೆ ಎಲ್ಲರ ಫೋನಿಗೂ ಒಂದು ವಿಡಿಯೋ ತುಣುಕು ಬಂತು. ಎಣಿಸಿದರೆ ಹನ್ನೊಂದು ಸೆಕೆಂಡು. "ನಾ ಒಡಿಯೂದಿಲ್ಲ" ಎಂಬಲ್ಲಿಗೆ ಮುಗಿಯುತ್ತದೆ. ಬಾಬಾನ ದಿನ ಉಳ್ಳಾಗಡ್ಡಿ ಒಡೆಯಲೊಲ್ಲೆ ಎಂದರೆ ಏನರ್ಥ? ಮಕ್ಕಳಾಗಬಾರದು ಎಂದು ಅರ್ಥ. ಬಂಜೆಯಾಗಿರು ಎಂದು ಶಾಪ. ಹಾಗೆಂದು ಒಬ್ಬರು ಹೇಳಿದರು, ಮೂವತ್ತು ಜನ ನಂಬಿದರು. ಅದೇ ಕಥೆಯಲ್ಲಿ ಬಾಬಾ ಸಾಕ್ಷಾತ್ ಗುರುವಿನ ಹೆಂಡತಿಯನ್ನೇ ಮೊದಲ ಸಲ ಹಾಗೇ ಕಳಿಸಿದ್ದನ್ನು ಬೆಳಿಗ್ಗೆ ಗೋಡೆಯ ಮೇಲೆ ಚಿತ್ರದಲ್ಲಿ ನೋಡಿದ ಜನ ಇವರು!

ಬೀಬೀಜಿಯ ಮಗ ಬಲ್ಕಾರ್ ಇಕ್ಬಾಲ್ ಸಿಂಗರ ಲಾರಿಗಳ ಮೆಕ್ಯಾನಿಕ್. ಇಲ್ಲೇ ಕಾಯಂ ನೆಲೆಸಲು ಬೇಕಾದ ಅವನ ಪಿಆರ್ ಕಾಗದಕ್ಕೆ ಮಾಲೀಕನ ಸಹಿ ಬೇಕು. ಬುಧವಾರ ಅವನಿಗೆ ಹೇಳಿ ಕಳಿಸಿದರು: ನಿಮ್ಮಮ್ಮ ಬರುವ ಭಾನುವಾರ ಸಂಗತದ ಮುಂದೆ, ನೆರೆದ ಭಕ್ತರೆಲ್ಲರ ಎದುರು, ಶಾಪ ಹಾಕಿದ್ದು ತಪ್ಪಾಯಿತು ಎಂದು ಕೈಮುಗಿಯಲಿ. ಇಲ್ಲವಾದರೆ ಸಹಿಯ ಮಾತು ಆಮೇಲೆ ನೋಡೋಣ.

"ಕೈ ಮುಗೀತೀನಿ, ಅದಕ್ಕೇನು ರೊಕ್ಕ ಬೀಳ್ತದೇನು" ಎಂದರು ಬೀಬೀಜಿ ನನ್ನ ಹತ್ತಿರ. "ಆದ್ರ ಶಾಪ ಹಾಕೀನಿ ಅಂತ ಹೆಂಗ ಅನ್ನಲಿ? ಹಂಗಂದ್ರ ಆ ಹುಡುಗಿ ನಿಜ ಅಂತ ನಂಬ್ತಾಳ. ದಿನಾ ರಾತ್ರಿ ಅದನ್ನೇ ನೆನೆಸಿ ಅಳ್ತಾಳ. ಹಾಕದ ಶಾಪ ನಾನೇ ಹಾಕಿದಂಗ ಆಗ್ತದ."

ಮಗಳು ನನಗೆ ಮೊದಲೇ ಹೇಳಿದ್ದಳು. "ಅವ್ವಾ, ಅದು ಅವರ ಮಂದಿ ಜಗಳ. ನೀ ನಡುವ ಬಾಯಿ ಹಾಕಬ್ಯಾಡ. ನಾಳೆ ನಾವೂ ಇದೇ ಸಬರ್ಬ್‌ನಾಗ ಇರಬೇಕು."

ಆದರೂ ಬಾಯಿ ಹಾಕಿದೆ. ಒಂಬತ್ತನೇ ತಾರೀಖು ಊಟ ಮುಗಿದ ಮೇಲೆ ಎಲ್ಲರೂ ನೆಲದ ಮೇಲೆ ಕೂತಿದ್ದಾಗ ಎದ್ದು ನಿಂತೆ. ಅರವತ್ತೆಂಟು ವರ್ಷ ಸಭೆಯಲ್ಲಿ ಬಾಯಿ ತೆರೆದವಳಲ್ಲ. ಬೀಬೀಜಿ ಹರಸಿದ್ದನ್ನು ನಾನು ಕೇಳಿದ್ದೇನೆ, ರವ್‌ನೀತ್ ಕೂಡ ಕೇಳಿದ್ದಾಳೆ, ಅವಳನ್ನೇ ಕೇಳಿ ಎಂದೆ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ದುಪ್ಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. ಗಂಡ ಕೆಮ್ಮಿದರು. "ನನಗೆ ಸರಿಯಾಗಿ ಕೇಳಿಸ್ಲಿಲ್ಲ" ಎಂದಳು.

"ಮುಗೀತಲ್ಲ, ಆಂಟೀಜಿ?" ಎಂದರು ಇಕ್ಬಾಲ್ ಸಿಂಗ್. "ನೀವು ಗೆಸ್ಟ್. ರೊಟ್ಟಿ ತಿನ್ನೋಕೆ ಬನ್ನಿ, ಯಾವಾಗ್ಲೂ ವೆಲ್‌ಕಮ್. ನಮ್ಮ ಧರ್ಮದ ವಿಷಯ ನಿಮಗೆ ಗೊತ್ತಾಗಲ್ಲ."

"ರೊಟ್ಟಿ ತಿನ್ನಾಕ ಬಂದಿಲ್ಲಪ್ಪಾ, ಮಾಡಾಕ ಬಂದೀನಿ. ನಾಲ್ಕು ವರ್ಷ ಆತು. ನೀ ಒಂದು ಮಾಡಿ ತೋರಿಸು, ಬಾಯಿ ಮುಚ್ಕೋತೀನಿ."

ಒಬ್ಬ ಮುದುಕ ನಕ್ಕ. ಉಳಿದವರು ನೆಲ ನೋಡಿದರು. ನಮ್ಮೂರಲ್ಲಿ ಬೇರೆ ಬಟ್ಟಲು ಇಡುವ ಹೋಟೆಲಿನವನಾದರೂ ತಾನು ಮಾಡುತ್ತಿರುವುದೇನೆಂದು ಬಲ್ಲ. ಇವರು ಒಂದೇ ಪಂಕ್ತಿಯಲ್ಲಿ ಕೂರಿಸಿ, ಒಂದೇ ಸಾರು ಬಡಿಸಿ, ನೀನು ಹೊರಗಿನವಳು ಎಂದರು. ಆ ಪಂಕ್ತಿಯನ್ನು ಕಟ್ಟಿದವರು ಇದಕ್ಕೇ ಕಟ್ಟಿದರೇ?

ಬೀಬೀಜಿ ಎದ್ದರು. ಕೈ ಮುಗಿಯುತ್ತಾರೆ ಎಂದು ಫೋನುಗಳು ಮತ್ತೆ ಮೇಲೆದ್ದವು. ಅವರು ಗ್ರಂಥದ ಕಡೆ ತಿರುಗಿ ತಲೆ ಬಾಗಿಸಿದರು, ನನ್ನ ಕೈ ಹಿಡಿದುಕೊಂಡು ಹೊರಗೆ ಬಂದರು. ಚಪ್ಪಲಿ ಹಾಕಿಕೊಳ್ಳುತ್ತಾ ಬಲ್ಕಾರನಿಗೆ ಹೇಳಿದರು: "ಸಿಡ್ನಿಯ ಅಕ್ಕನಿಗೆ ಫೋನ್ ಹಚ್ಚು. ನಾ ಇಲ್ಲಿ ಇಲ್ಲಂದ್ರ ಕ್ಷಮಾ ಕೇಳೋರೂ ಇಲ್ಲ, ಕೇಳಿಸ್ಕೊಳ್ಳೋರೂ ಇಲ್ಲ. ನಿನ್ನ ಕಾಗದಕ್ಕ ಸಹಿ ಬೀಳ್ತದ." ನಲವತ್ತು ವರ್ಷದ ಗಂಡಸು ಕಾರಿನ ಬಾಗಿಲಿಗೆ ಹಣೆ ಇಟ್ಟು ಅತ್ತ. ಬ್ಯಾಡ ಬೇಬೇ, ಹೋಗಬ್ಯಾಡ ಅವ್ವಾ ಎಂದು ಮಾತ್ರ ಅನ್ನಲಿಲ್ಲ.

ಅವರನ್ನು ತಲುಪಿಸಲು ರೈಲಿನಲ್ಲಿ ನಾನೇ ಹೋದೆ. ಹನ್ನೊಂದು ತಾಸು. ಬೀಬೀಜಿ ಕಿಟಕಿಯಲ್ಲಿ ದನಗಳನ್ನು ಎಣಿಸುತ್ತಾ, ಇಲ್ಲಿನ ಹುಲ್ಲು ಭಾಳ ಛಲೋ ಎನ್ನುತ್ತಾ ಕೂತರು. ಇಕ್ಬಾಲ್ ಸಿಂಗರ ಹೆಸರೆತ್ತಲಿಲ್ಲ. ರವ್‌ನೀತಳ ಹೆಸರನ್ನು ಒಂದೇ ಸಲ ಎತ್ತಿದರು: "ಆಕೀನ ಬೈಬ್ಯಾಡ ಭಾಗೀ. ಹೆದರಿದಾಕಿ." ನಾನು ಬೈದೆ. ಇಂದಿಗೂ ಬೈಯುತ್ತೇನೆ. ಹೆದರಿಕೆ ಎಲ್ಲರಿಗೂ ಇದೆ; ಒಂದು ನಿಜ ಹೇಳುವಷ್ಟು ಹೊತ್ತು ಅದನ್ನು ಬದಿಗಿಡಬಹುದಿತ್ತು.

ಸಿಡ್ನಿಯಲ್ಲಿ ಮೂರು ದಿನ ಇದ್ದೆ. ಶನಿವಾರ ಅವರ ಮಗಳು ಗುರ್‌ಮೇಲ್ ನಮ್ಮನ್ನು ಅಲ್ಲಿನ ಗುರುದ್ವಾರಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ಹೆಂಗಸರು, ಬನ್ನಿ ಬೀಬೀಜಿ, ಲಟ್ಟಣಿಗೆ ಹಿಡಿಯಿರಿ ಎಂದು ಪ್ರೀತಿಯಿಂದ ಕರೆದರು. ಬೀಬೀಜಿ ಅಡಿಗೆಮನೆಯ ಹೊಸ್ತಿಲಲ್ಲೇ ನಿಂತರು.

"ಯಾಕ, ಬೀಬೀಜಿ?" ಎಂದೆ.

"ನನ್ನ ಹತ್ರ ಸರ್ಟಿಫಿಕೇಟ್ ಇಲ್ಲಲ್ಲ" ಎಂದರು. ನಗಲು ನೋಡಿದರು, ಆಗಲಿಲ್ಲ. ಎರಡೂ ಕೈ ತಿರುವಿ ನೋಡಿಕೊಂಡರು. "ಕೈಗೆ ಅಂಜಿಕಿ ಹೊಕ್ಕದ ಭಾಗೀ."

ಹತ್ತನೇ ವಯಸ್ಸಿನಿಂದ ರೊಟ್ಟಿ ಬೇಯಿಸಿದ ಕೈ. ಆ ಕೈಗೆ ಅಂಜಿಕೆ ಹಾಕಿದವರನ್ನು ಯಾರೂ ಯಾವ ಸಭೆಗೂ ಕರೆದು ಕ್ಷಮೆ ಕೇಳು ಎನ್ನುವುದಿಲ್ಲ.

ಬಲ್ಕಾರನ ಕಾಗದಕ್ಕೆ ನವೆಂಬರಿನಲ್ಲಿ ಸಹಿ ಬಿತ್ತು. ಅದೇ ತಿಂಗಳು ಗುರುದ್ವಾರದ ಪತ್ರಿಕೆ ಬಂತು. ಮೊಮ್ಮಗಳು ಅಪೇಕ್ಷಾ ಓದಿ ಅರ್ಥ ಹೇಳಿದಳು. ಕುರ್ಚಿಯ ಮೇಲಿಟ್ಟ ಶಾಲಿನ ಚಿತ್ರ, ಕೆಳಗೆ ಎರಡು ಸಾಲು: ಪೂಜ್ಯ ಹಿರಿಯರಾದ ನಿಹಾಲ್ ಕೌರ್ ವಯಸ್ಸಿನ ಕಾರಣದಿಂದ, ಸ್ವಂತ ಇಚ್ಛೆಯಂತೆ, ವಿಶ್ರಾಂತಿಗಾಗಿ ಮಗಳ ಮನೆಗೆ ತೆರಳಿದ್ದಾರೆ, ಅವರ ಸೇವೆಯನ್ನು ಕಮಿಟಿ ಸ್ಮರಿಸುತ್ತದೆ.

"ಓಕೆ ಅಲ್ವಾ ಅಜ್ಜಿ? ದೇ ಹ್ಯಾವ್ ಥ್ಯಾಂಕ್ಡ್ ಹರ್" ಎಂದಳು ಮಗು.

ಓಕೆ ಅಲ್ಲ. ವಯಸ್ಸಿನ ಕಾರಣದಿಂದ ಅಲ್ಲ, ವಿಶ್ರಾಂತಿಗಾಗಿ ಅಲ್ಲ, ಸ್ವಂತ ಇಚ್ಛೆಯಂತೂ ಅಲ್ಲವೇ ಅಲ್ಲ. ಪತ್ರಿಕೆಯಲ್ಲಿ ತಾರೀಖನ್ನೂ ಹಾಕಿಲ್ಲ. ನಾನು ಹಾಕುತ್ತೇನೆ. ಹಾಕದ ಶಾಪವನ್ನು ಹಾಕಿದೆ ಎನ್ನಲೊಲ್ಲದೆ ನಿಹಾಲ್ ಕೌರ್ ಮೆಲ್ಬರ್ನ್ ಬಿಟ್ಟು ಹೋದದ್ದು ಎರಡು ಸಾವಿರದ ಹದಿನಾರು, ಅಕ್ಟೋಬರ್ ಹದಿಮೂರು, ಗುರುವಾರ.