ಕೊನೆಯ ಕೊರೆತ

ಬಂದೂಕಿನ ನಳಿಗೆಯನ್ನು ತಿರುಗಿಸಿ ಮಗಳು ಇನ್ನೊಮ್ಮೆ ಅಳತೆ ಹಿಡಿದಳು. ಮೇಲೆ ಸರಿ, ಎಡಕ್ಕೆ ಸರಿ, ಬಲಕ್ಕೂ ಸರಿ. ಕೆಳಗೆ ಮಾತ್ರ ಕಬ್ಬಿಣ ಉಗುರಿನಷ್ಟು ತೆಳುವಾಗಿ ಉಳಿದಿತ್ತು. ಹಳೇ ನಳಿಗೆ, ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರಲಿಲ್ಲ. ಅಪ್ಪ ಒಂದೇ ಕಡೆ ಅಳೆದು, ಸುತ್ತಲೂ ಅಷ್ಟೇ ಇದೆಯೆಂದು ನಂಬಿ ಒಳಗೆ ಕೊರೆದುಬಿಟ್ಟಿದ್ದ. ಊರಿನ ಬಂದೂಕುಗಳಿಗೆಲ್ಲ ವೈದ್ಯನಾಗಿದ್ದವನ ಕೈಯಲ್ಲಿ ಇಂಥ ಕೆಲಸ!

ಹೊರಗೆ ಅಂಗಳದಲ್ಲಿ ಅವನ ಹೆಣದ ಸುತ್ತ ಜನ ಸೇರಿದ್ದರು. ನಿದ್ದೆಯಿಲ್ಲದೆ ಅವಳ ಕಣ್ಣು ಉರಿಯುತ್ತಿತ್ತು.

"ಆಯ್ತೇನಮ್ಮಾ?" ಬಂದೂಕಿನ ಒಡೆಯ ಬೇಕರಿ ಮಾವ ಬಾಗಿಲಲ್ಲಿ ನಿಂತಿದ್ದ. ಅತ್ತೂ ಅತ್ತೂ ಮುಖ ಊದಿತ್ತು. "ಮಣ್ಣು ಮಾಡುವಾಗ ಗೌರವದ ಮೊದಲ ಗುಂಡು ಇದರಿಂದ್ಲೇ ಹಾರಿಸ್ತೀನಿ. ನಿಮ್ಮಪ್ಪನ ಕೊನೇ ಕೆಲಸ ನೋಡು. ನಮ್ಮ ಗುರಿ ಹೊಡೆಯೋ ಕೂಟದವರೆಲ್ಲ ಆಮೇಲೆ."

"ಅಳೆಯದೆ ಕೊಡಲ್ಲ ಅಲ್ವಾ ಮಾವ. ಒಂದು ನಿಮಿಷ."

*

ಹೋದ ತಿಂಗಳು ಇದೇ ಮೇಜಿನ ಮುಂದೆ ಅಪ್ಪ, ಬೇಕರಿ ಮಾವ ಇಬ್ಬರೂ ಕಿತ್ತಾಡಿದ್ದರು.

"ಹಾರಿಸಿದಾಗ ಭುಜಕ್ಕೆ ಬೀಳೋ ಒದೆತ ತಡೆಯಕ್ಕಾಗಲ್ಲ ಮೇಸ್ತ್ರಿ. ಒಳಗೆ ಸ್ವಲ್ಪ ಅಗಲ ಮಾಡು. ಚರೆನೂ ಒತ್ತೊತ್ತಾಗಿ ಬೀಳುತ್ತಂತೆ."

"ಬೀಳಬಹುದು, ಬೀಳದೇನೂ ಇರಬಹುದು. ಜಾಸ್ತಿ ಅಗಲವಾದ್ರೆ ಹೊಗೆ ಪಕ್ಕದಿಂದ ನುಸುಳಿ ಗುಂಡಿನ ಕಸುವೇ ಹೋಗುತ್ತೆ. ಕಬ್ಬಿಣ ತಲೆಕೂದಲಲ್ಲ ಕಣೋ, ಕತ್ತರಿಸಿದ್ರೆ ಮತ್ತೆ ಬೆಳೆಯಕ್ಕೆ."

"ಹಾಗಾದ್ರೆ ನಾನು ಗುರಿಕೂಟ ಬಿಟ್ಟು ಬನ್ನು ಎಣಿಸ್ತಾ ಕೂತ್ಕೋತೀನಿ, ಬಿಡು."

ಅಪ್ಪ ನಕ್ಕುಬಿಟ್ಟ. ಗೆಳೆಯನ ಮೋರೆ ಸಪ್ಪಗಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಕೊಡು ಇಲ್ಲಿ, ಪೀಡೆ," ಎಂದು ಕೈಚಾಚಿದ.

*

ಅಂಗಳದಿಂದ ಒಳಗೆ ಬಂದ ಚಿಕ್ಕಪ್ಪ ಅಳತೆ ನೋಡಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಬಾಯಿ ಬಿಡಬೇಡ. ನಳಿಗೆ ಕೂರಿಸೋ ಪಿನ್ನು ಕಳೆದಿದೆ ಅನ್ನು. ನಾಳೆ ಬೇರೆ ನಳಿಗೆ ಹಾಕಿಕೊಟ್ರಾಯ್ತು. ಹೋದವನ ಹೆಸರಿಗೆ ಮಸಿ ಬಳೀತೀಯಾ?"

ಅವಳಿಗೂ ಅದೇ ಬೇಕಿತ್ತು. ಇವತ್ತೊಂದು ದಿನ ಅಪ್ಪ ಅಪ್ಪನಾಗಿಯೇ ಹೋಗಲಿ, ಅಷ್ಟು ಸಾಕು.

"ಪಿನ್ನು ಸಿಗ್ತಿಲ್ಲ ಮಾವ."

"ಅಷ್ಟೇನಾ? ನನ್ನ ಹಳೇ ಬಂದೂಕಿಂದು ಇದಕ್ಕೂ ಕೂರುತ್ತೆ." ಬೇಕರಿ ಮಾವ ನಳಿಗೆಯನ್ನು ಬಗಲಿಗಿಟ್ಟುಕೊಂಡು ಅಂಗಳಕ್ಕೆ ನಡೆದೇಬಿಟ್ಟ. ಅಲ್ಲಿ ಎಲ್ಲರಿಗೂ ಅದನ್ನು ಎತ್ತಿ ತೋರಿಸಿದ. "ನೋಡ್ರಪ್ಪಾ, ಹೆಂಗಿದೆ ಕೈಚಳಕ! ಜೀವಮಾನದಲ್ಲಿ ಒಂದು ಕೂದಲೆಳೆ ತಪ್ಪಿದವನಲ್ಲ."

ಅವಳು ಓಡಿಹೋಗಿ ನಳಿಗೆ ಹಿಡಿದುಕೊಂಡಳು.

"ಹಾರಿಸ್ಬೇಡಿ ಮಾವ. ಕೆಳಗೆ ತೀರಾ ತೆಳ್ಳಗಾಗಿದೆ. ಸಿಡಿದ್ರೆ ನಿಮ್ಮ ಕೈಯೇ ಇರಲ್ಲ." "ಅಪ್ಪ ತಪ್ಪು ಮಾಡಿದ್ದಾರೆ."

ಚಿಕ್ಕಪ್ಪ ಹಣೆ ಚಚ್ಚಿಕೊಂಡ. ಬೇಕರಿ ಮಾವ ನಳಿಗೆಯಿಂದ ಕೈ ತೆಗೆದ.

ಗುರಿಕೂಟದವರ ಕೈಯಲ್ಲಿದ್ದ ಬಂದೂಕುಗಳನ್ನೆಲ್ಲ ಅಪ್ಪನೇ ಕೊರೆದುಕೊಟ್ಟಿದ್ದ. ಮೊದಲು ಒಬ್ಬ, ಅವನ ಪಕ್ಕದವನು, ಆಮೇಲೆ ಉಳಿದವರೂ ಹೆಣದ ಎದುರೇ ಬಂದೂಕು ಮಡಚಿ, ನಳಿಗೆಯನ್ನು ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕತೊಡಗಿದರು.