ಡೆಲ್ಫಾ ಟೀಚರ್‌ರ ನೀಲಿ ಉಡುಪು

ಹೆಣದ ಕತ್ತಿನ ಗುಂಡಿ ಹಾಕುವಷ್ಟರಲ್ಲಿ ಬಸಿಲ್ಯೊ ಬೆವೆತು ನೀರಾಗಿದ್ದ. ಗಂಡಸರು ಮದುವೆಗೂ ಮಣ್ಣಿಗೂ ತೊಡುವ ಬರೋಂಗ್ ಅಂಗಿ ಅದು, ಅವನದೇ. ಕಾಯಿಲೆಯಲ್ಲಿ ಸವೆದುಹೋಗಿದ್ದ ಡೆಲ್ಫಾಳಿಗೆ ಎರಡರಷ್ಟು ದೊಡ್ಡದಾಗಿತ್ತು.

"ಒಂದು ಮೀಸೆನೂ ಅಂಟಿಸ್ಬಿಡು ಮಾವ," ಎಂದಳು ಡೆಲ್ಫಾಳ ತಂಗಿ ಲಿಗಾಯಾ.

"ಸುಮ್ನಿರೇ! ಡೆಲ್ಫಿನ್ ಅಂತ ಹುಟ್ಟಿದೋನು, ಡೆಲ್ಫಿನ್ ಆಗೇ ಹೋಗ್ಲಿ. ಗಂಡಸಿನ ಬಟ್ಟೆ ಹಾಕ್ಸಿ, ಕೋರ್ಟಿನ ಕೇಸು ವಾಪಸ್ ತಗೊಳ್ಳಿ, ಶಾಲೆ ಚಾಪೆಲ್‌ನಲ್ಲೇ ಪೂಜೆ ಮಾಡಿಸ್ತೀವಿ ಅಂದಿದಾರೆ ಶಾಲೆ ನಡೆಸೋ ಮದರ್. ನಮ್ಮಂಥೋರಿಗೆ ಯಾರು ಕೊಡ್ತಾರೆ ಈ ಮರ್ಯಾದೆ?"

ಕೆಲಸದಿಂದ ಓಡಿಸಿದವರೇ ಈಗ ಮರ್ಯಾದೆ ಹಂಚಲು ಬಂದಿದ್ದರು. ಕೇಳಿದರೆ ಮೈ ಉರಿಯುತ್ತದೆ.

ತಾಯಿ ಕರಿದಾದ್ ಕತ್ತರಿ ಹಿಡಿದು ಪೆಟ್ಟಿಗೆಯ ಪಕ್ಕ ಕೂತಿದ್ದಳು. ಮುಚ್ಚಳ ಹಾಕುವ ಮುಂಚೆ ಹೆಣದ ಕೈಯಲ್ಲಿರುವ ಜಪಮಾಲೆಯನ್ನು ಕತ್ತರಿಸಬೇಕು. ಇಲ್ಲವಾದರೆ ಸತ್ತವರು ಮನೆಯ ಇನ್ನೊಬ್ಬರನ್ನು ಎಳೆದುಕೊಳ್ಳುತ್ತಾರೆ.

ಡೆಲ್ಫಾಳ ಕೇಸು ನಡೆಸುತ್ತಿದ್ದ ಲಾಯರಮ್ಮ ಬಗ್ಗಿ ಮೆಲ್ಲಗೆ ಹೇಳಿದಳು: "ಅಮ್ಮಾ, ಇವತ್ತು ಕೇಳೋ ಮಾತಲ್ಲ ಇದು. ಆದ್ರೆ ಸೋಮವಾರ ವಿಚಾರಣೆ ಇದೆ. ತಾಯಿಯಾಗಿ ನೀವು ಬಂದು ನಿಲ್ಲದಿದ್ರೆ ಕೇಸೂ ಡೆಲ್ಫಾ ಜೊತೆಗೇ ಮಣ್ಣಾಗತ್ತೆ. ಅವಳ ಥರದ ಇನ್ನಿಬ್ಬರು ಟೀಚರುಗಳು ಈ ತೀರ್ಪನ್ನೇ ಕಾಯ್ತಿದಾರೆ."

ಕರಿದಾದ್ ಕತ್ತರಿಯನ್ನು ಇನ್ನೊಂದು ಕೈಗೆ ದಾಟಿಸಿಕೊಂಡಳು.

*

ಶಾಲೆಯ ಟೀಚರಮ್ಮಂದಿರು ತೊಡುವ ನೀಲಿ ಉಡುಪನ್ನು ಡೆಲ್ಫಾಳಿಗೆ ಹೊಲಿದುಕೊಟ್ಟಿದ್ದು ತಾಯಿಯೇ. ಪ್ಯಾಂಟು ತೊಟ್ಟು ಲೆಕ್ಕ ಕಲಿಸುತ್ತಿದ್ದಾಗ ಶಾಲೆಗೆ ಬಂಗಾರದಂಥ ಮೇಷ್ಟ್ರು. ನೀಲಿ ತೊಟ್ಟುಕೊಂಡು ಹೋದ ದಿನ, ಮಧ್ಯಾಹ್ನಕ್ಕೆಲ್ಲ ಮನೆಗೆ! ಮಕ್ಕಳು ಕೆಡುತ್ತಾರಂತೆ. ಡೆಲ್ಫಾ ಶಾಲೆಯ ಮೇಲೆ ಕೇಸು ಹಾಕಿದಳು.

ಮೊದಲ ವಿಚಾರಣೆಯ ಬೆಳಿಗ್ಗೆ ಡೆಲ್ಫಾ ಕೇಳಿದ್ದಳು: "ನೀನೇನೂ ಮಾತಾಡ್ಬೇಡಮ್ಮ. ಹಿಂದಿನ ಬೆಂಚಲ್ಲಿ ಕೂತಿರು, ಸಾಕು."

"ಮದುವೆ ಗೌನು ಇವತ್ತೇ ಕೊಡ್ಬೇಕು ಕಣೇ. ಇನ್ನೂ ಮುಗಿದೇ ಇಲ್ಲ."

ಗೌನು ಹಿಂದಿನ ದಿನವೇ ಮುಗಿದು ಗೋಡೆಗೆ ನೇತಾಡುತ್ತಿತ್ತು. ಡೆಲ್ಫಾ ಅದನ್ನು ನೋಡಿದಳು. ಚಪ್ಪಲಿ ಮೆಟ್ಟಿ ಹೊರಟಳು. ಆಮೇಲೆ ಎಂದೂ ಕರೆಯಲಿಲ್ಲ. ಎಲ್ಲ ವಿಚಾರಣೆಗೂ ಒಬ್ಬಳೇ ಹೋದಳು.

*

ಚಾಪೆಲಿನ ಗಂಟೆ ಮೊಳಗಿತು.

"ಹೊತ್ತಾಯ್ತು ಅಕ್ಕ, ಕತ್ತರಿಸು," ಎಂದ ಬಸಿಲ್ಯೊ.

ಕರಿದಾದ್ ಎದ್ದಳು. ಕತ್ತರಿಯನ್ನು ಜಪಮಾಲೆಗಿಡಲಿಲ್ಲ. ಬರೋಂಗಿನ ಅಂಚಿಗಿಟ್ಟು, ಕೆಳಗಿನಿಂದ ಕತ್ತಿನವರೆಗೆ ಸರ್ರನೆ ಸೀಳಿದಳು.

"ಅಯ್ಯಯ್ಯೋ! ನನ್ನಂಗಿ! ಹುಚ್ಚು ಹಿಡೀತಾ ನಿಂಗೆ?"

"ಲಿಗಾಯಾ, ನೀಲಿ ಬಟ್ಟೆ ತಗೊಂಬಾ. ಗಂಡಸರೆಲ್ಲ ಆಚೆ ನಡೀರಿ."

"ಚಾಪೆಲು? ಮದರ್‌ಗೆ ಏನಂತ ಹೇಳ್ಲಿ?"

"ನನ್ನ ಮಗಳು ಅಲ್ಲಿಗೆ ಬರಲ್ವಂತೆ ಅನ್ನು."

ಬಾಗಿಲು ಮತ್ತೆ ತೆರೆದಾಗ ಡೆಲ್ಫಾ ನೀಲಿಯಲ್ಲಿದ್ದಳು. ಸೊಂಟ ಸಡಿಲವಾಗಿತ್ತು. ಹೊರಗೆ ಜನ ಕಾದು ನಿಂತಿದ್ದರೂ ಕರಿದಾದ್ ಅವಸರಪಡದೆ ಸೂಜಿಗೆ ದಾರ ಪೋಣಿಸಿ, ಎರಡೂ ಕಡೆ ಹಿಡಿದು ಹೊಲಿದಳು. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದಳು.

"ಜಪಮಾಲೆ ಅಕ್ಕ," ಬಸಿಲ್ಯೊ ಹೊಸ್ತಿಲಿಂದಲೇ ಕತ್ತರಿಯತ್ತ ಬೆರಳು ಮಾಡಿದ. "ಕತ್ತರಿಸದಿದ್ರೆ ಎಳ್ಕೊಂಡೋಗ್ತಾಳೆ."

"ಎಳೀಲಿ ಬಿಡೋ. ಕೋರ್ಟಿಗೆ ತಾನೇ." ಕರಿದಾದ್ ಲಾಯರಮ್ಮನ ಕಡೆ ತಿರುಗಿದಳು. "ಸೋಮವಾರ ಎಷ್ಟೊತ್ತಿಗೆ?"

ಮುಚ್ಚಳ ಇಳಿಯಿತು. ಒಳಗೆ, ನೀಲಿ ತೋಳಿನ ತುದಿಯಲ್ಲಿ, ಜಪಮಾಲೆ ಇಡಿಯಾಗಿಯೇ ಇತ್ತು.