ಚೂರು ಮಾಡಲು ಕೊಟ್ಟ ಕಾಗದ

"ಕಣ್ಣು ಎಲ್ಲಿ ಇಟ್ಟಿದ್ದೀಯಾ, ಬೇವರ್ಸಿ? ಫೈಲಿನ ಮೇಲೆ ಚಾ ಚೆಲ್ಲಿದ್ರೆ ನಿನ್ನ ಅಪ್ಪ ಬಂದು ಟೈಪ್ ಮಾಡ್ತಾನಾ?"

ಮ್ಯಾನೇಜರ್ ವಿಲ್ಫ್ರೆಡ್ ಬೈಯುತ್ತಿದ್ದರೆ ಪುತ್ತಬ್ಬ ಬಗ್ಗಿ ಮೇಜು ಒರೆಸುತ್ತಿದ್ದ. ಲೋಟಕ್ಕೆ ತಾಗಿದ್ದು ವಿಲ್ಫ್ರೆಡನ ಮೊಣಕೈ. ಹಾಗೆಂದು ಹೇಳುವ ಹುಚ್ಚು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಪುತ್ತಬ್ಬನಿಗೆ ಹಿಡಿದಿರಲಿಲ್ಲ. ಇಬ್ಬರೂ ಬಂಟ್ವಾಳದ ಕಡೆಯಿಂದ ಕುವೈತಿಗೆ ಬಂದವರೇ. ಅದರಿಂದಾದ ಒಂದೇ ಉಪಕಾರವೆಂದರೆ ಬೈಗುಳ ಪೂರ್ತಿ ಅರ್ಥವಾಗುತ್ತಿತ್ತು.

ಆಫೀಸು ಒಬ್ಬ ಬ್ಯಾರಿಸ್ಟರನದು. ಲಂಡನ್ನಿನಲ್ಲಿ ಓದಿ ಬಂದ ಕುವೈತಿ, ಮೆತ್ತಗಿನ ಮಾತಿನವನು. ಪೊಲೀಸರು ಯಾರಿಗಾದರೂ ಹೊಡೆದರೆ ಅವನು ಪೊಲೀಸರ ಪರ. ಸರಕಾರದ ಮೇಲೆ ಯಾರಾದರೂ ದಾವೆ ಹೂಡಿದರೆ ಸರಕಾರದ ಪರ. ಯಾರಾದರೂ ಬಡಪಾಯಿ ಠಾಣೆಯ ದಾಖಲೆ ಕೇಳಿ ಅರ್ಜಿ ಹಾಕಿದರೆ, ಅದನ್ನು ಕೊಡದಿರುವುದು ಹೇಗೆಂದು ಹೇಳಿಕೊಡುತ್ತಿದ್ದ. ಗೋಡೆಯ ತುಂಬ ಅವನ ಸರ್ಟಿಫಿಕೇಟುಗಳು. ಅವುಗಳ ಧೂಳು ಒರೆಸುವುದು ಪುತ್ತಬ್ಬನ ಕೆಲಸ.

ವಿಲ್ಫ್ರೆಡ್ ಒದ್ದೆಯಾದ ಫೈಲಿನಿಂದ ಒಂದು ಹಾಳೆ ಎಳೆದು ಅವನ ಕೈಗೆ ತುರುಕಿದ. "ಇದನ್ನು ಮೆಷಿನಿಗೆ ಹಾಕು. ಚೂರು ಚೂರು ಆಗ್ಬೇಕು. ಎಂತ ನೋಡುದು? ನಿಂಗೆ ಓದ್ಲಿಕ್ಕೆ ಬರ್ತದಾ? ಯಲ್ಲಾ, ಹೋಗು!"

ಓದಲು ಬಾರದವನೆಂದೇ ಅವನನ್ನು ಇಟ್ಟುಕೊಂಡಿದ್ದರು. ಶಾಲೆಗೆ ಎರಡನೇ ಕ್ಲಾಸಿನಲ್ಲೇ ಸಲಾಂ ಹೊಡೆದವನು, ಇಂಗ್ಲಿಷ್ ಇಲ್ಲ, ಅರಬಿ ಮಾತು ಚಾ, ನೀರು, ಖಲಾಸ್ ಎಂಬಲ್ಲಿಗೆ ಮುಗಿಯುತ್ತಿತ್ತು. ಆದರೆ ಊರಿನ ಮದ್ರಸದಲ್ಲಿ, ಉಸ್ತಾದರ ಬೆತ್ತದ ಕೆಳಗೆ, ಏಳು ವರ್ಷ ಕುರ್‌ಆನ್ ಓದಿದ್ದ. ಅರ್ಥ ಯಾರೂ ಕಲಿಸಲಿಲ್ಲ, ಅರಬಿ ಅಕ್ಷರ ಕಲಿಸಿದ್ದರು. ಇದನ್ನು ಕೇಳಬೇಕೆಂದು ಆಫೀಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮೆಷಿನಿನ ಮುಂದೆ ನಿಂತು ಅವನು ಬೆರಳಿಟ್ಟು ಓದಿದ. ಮೇಲೆ ಠಾಣೆಯ ಹೆಸರು, ಮುದ್ರೆ. ಕೆಳಗೆ ಅಲಿಫ್, ಶೀನ್, ಕಾಫ್, ರಾ. ಅಶ್ಕರ್. ಪಕ್ಕದಲ್ಲಿ ಅಂಕೆ, ಹದಿನಾಲ್ಕು.

ಫಹಾಹೀಲಿನ ಕೋಣೆಯಲ್ಲಿ ಪುತ್ತಬ್ಬನ ಮೇಲಿನ ಮಂಚದಲ್ಲಿ ಮಲಗುತ್ತಿದ್ದ ಅಶ್ಕರ್. ಕಳೆದ ತಿಂಗಳು ಹದಿನಾಲ್ಕಕ್ಕೆ ಕೋಣೆಯ ಕೆಳಗಿನ ಅಂಗಡಿಯಿಂದಲೇ ಪೊಲೀಸರು ಅವನನ್ನು ಜೀಪಿಗೆ ಹತ್ತಿಸಿದ್ದನ್ನು ಪುತ್ತಬ್ಬ ಕಣ್ಣಾರೆ ಕಂಡಿದ್ದ. ಹದಿನಾರಕ್ಕೆ ಹೆಣವಾಗಿ ಸಿಕ್ಕಿದ. ರಸ್ತೆ ಬದಿ ಬಿದ್ದಿದ್ದ, ಠಾಣೆಗೆ ತಂದೇ ಇಲ್ಲ ಎಂದರು ಪೊಲೀಸರು.

ಪುತ್ತಬ್ಬ ಆ ಹಾಳೆಯನ್ನು ಚಾ ತಟ್ಟೆಯ ಅಡಿಗೆ ಸರಿಸಿದ. ಪ್ರಿಂಟರಿನಿಂದ ಖಾಲಿ ಹಾಳೆ ತೆಗೆದು ಮೆಷಿನಿಗೆ ಕೊಟ್ಟ.

"ಖಲಾಸಾ?" ವಿಲ್ಫ್ರೆಡ್ ಒಳಗಿಂದ ಕೂಗಿದ.

"ಖಲಾಸ್ ಸರ್."

ಹನ್ನೊಂದು ಗಂಟೆಗೆ ಸೈನಬಾ ಬಂದಳು. ಅಶ್ಕರನ ಅಕ್ಕ, ಸಾಲ್ಮಿಯಾದ ಒಂದು ಮನೆಯಲ್ಲಿ ಅಡುಗೆಯವಳು. ದಾಖಲೆ ಕೇಳಿ ಅರ್ಜಿ ಹಾಕಿದ್ದವಳು ಅವಳೇ. ಬ್ಯಾರಿಸ್ಟರ್ ನಗುತ್ತ ಕುರ್ಚಿ ತೋರಿಸಿದ. ವಿಲ್ಫ್ರೆಡ್ ಕಾಗದ ಮುಂದಿಟ್ಟ.

"ಠಾಣೆಯಲ್ಲಿ ನಿನ್ನ ತಮ್ಮನ ಹೆಸರೇ ಇಲ್ಲ. ಉತ್ತರ ಸಿಕ್ಕಿತು, ಇನ್ನು ತಕರಾರಿಲ್ಲ ಅಂತ ಸೈನ್ ಹಾಕು. ಹಾಕಿದ್ರೆ ಮಯ್ಯತ್ ನಾಳೆ ಊರಿಗೆ ಹೋಗ್ತದೆ. ಇಲ್ಲದಿದ್ರೆ ಇಲ್ಲೇ ಕೊಳೀತದೆ."

"ಉಮ್ಮ ಒಂದ್ಸಲ ಮುಖ ನೋಡ್ಬೇಕಂತ ಕಾಯ್ತಿದ್ದಾರೆ ಸರ್..." ಸೈನಬಾ ಪೆನ್ನು ಎತ್ತಿಕೊಂಡಳು.

"ಹಾಕ್ಬೇಡ ಸೈನಬಾ."

ಚಾ ತಂದ ಪುತ್ತಬ್ಬ ತಟ್ಟೆ ಇಳಿಸಿ, ಅದರಡಿಯಿಂದ ಹಾಳೆ ತೆಗೆದ. ಮದ್ರಸದ ರಾಗದಲ್ಲೇ, ಮುಂದೆ ಹಿಂದೆ ತೂಗುತ್ತ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದ. ಅವನಿಗೆ ಅರ್ಥವಾಗದ ಸಾಲುಗಳೆಲ್ಲ ಬ್ಯಾರಿಸ್ಟರನಿಗೆ ಅರ್ಥವಾಗುತ್ತಿದ್ದವು. ಅವನ ನಗು ಆರಿತು.

ತಮ್ಮನ ಹೆಸರು ಕೇಳಿದ್ದೇ ಸೈನಬಾ ಪೆನ್ನು ಕೆಳಗಿಟ್ಟಳು. ಹಾಳೆಗೆ ಕೈ ಚಾಚಿ, ಮಡಚಿ, ಬುರ್ಖಾದೊಳಗೆ ಸೇರಿಸಿಕೊಂಡಳು.

"ಬೋಳಿಮಗನೇ!" ವಿಲ್ಫ್ರೆಡ್ ನುಗ್ಗಿದ. ಪುತ್ತಬ್ಬ ಅಡ್ಡ ನಿಂತ. ಕೆನ್ನೆಗೆ ಏಟು ಬಿತ್ತು, ಅವನು ಕದಲಲಿಲ್ಲ.

ಬ್ಯಾರಿಸ್ಟರ್ ಎದ್ದು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದ. ವಿಲ್ಫ್ರೆಡನನ್ನು ಮೆಲ್ಲಗೆ ಏನೋ ಕೇಳಿದ. ಅದರಲ್ಲಿ ಪುತ್ತಬ್ಬನಿಗೆ ತಿಳಿದದ್ದು ಇಕಾಮಾ ಎಂಬ ಒಂದೇ ಶಬ್ದ, ಈ ದೇಶದಲ್ಲಿರಲು ಬೇಕಾದ ಪರವಾನಗಿ. ಆಮೇಲೆ ಬ್ಯಾರಿಸ್ಟರ್ ಫೋನು ಎತ್ತಿ ಒಂದು ಠಾಣೆಯ ಹೆಸರು ಹೇಳಿದ. ಹಾಳೆಯ ಮೇಲ್ತುದಿಯಲ್ಲಿ ಪುತ್ತಬ್ಬ ಓದಿದ್ದ ಹೆಸರೇ ಅದು.

"ಪುತ್ತಬ್ಬಾಕ, ನಮ್ಮನ್ನು ಅಲ್ಲಿಗೇ ಕೊಂಡುಹೋಗ್ತಾರಾ?" ಸೈನಬಾಳ ಸ್ವರ ಒಡೆಯಿತು.

"ಹೋಗ್ಲಿ. ಹೋದ ಕೂಡ್ಲೇ ನಮ್ಮ ಹೆಸರು ಬರೀಲಿಕ್ಕೆ ಹೇಳುವ. ಬರೆದದ್ದು ಸರಿ ಉಂಟಾ ಅಂತ ನಾನು ಓದಿ ನೋಡ್ತೇನೆ."